'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ' ತಪ್ಪಾ? ತಪ್ಪಾದರೆ ಯಾಕೆ?

ಸಪ್ತಾಪುರ_ರೂಮು4:

ಎಲ್ಲರಿಗೂ ನಮಸ್ಕಾರ. ಒಂದೇ ಸಾಲಿನ ವಿಷಯ, ಆದರೆ ನಿನ್ನೆ ಸಂಜೆಯಿಂದ ತಲೆಯಿಂದ ಇಳಿಯುತ್ತಿಲ್ಲ.

ನಾನು ಧಾರವಾಡದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ಜೊತೆಗೆ ಕೆಲಸಕ್ಕೂ ಅರ್ಜಿ ಹಾಕುತ್ತಿರುತ್ತೇನೆ. ಹೋದ ವಾರ ಹುಬ್ಬಳ್ಳಿಯ ಒಂದು ಕಂಪನಿ ಇಂಟರ್‌ವ್ಯೂಗೆ ಕರೆಯಿತು. ಬರುತ್ತೇನೆ ಅಂತ ಮೇಲ್ ಬರೆದು, ಕೊನೆಯಲ್ಲಿ 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ' ಅಂತ ಹಾಕಿದೆ. ನಿನ್ನೆ ಹೋದಾಗ ಎದುರಿಗೆ ಕೂತಿದ್ದವರ ಕೈಯಲ್ಲಿ ನನ್ನ ಮೇಲ್‌ನ ಪ್ರಿಂಟ್ ಇತ್ತು. 'ಮೀಟ್' ಅನ್ನೋ ಪದದ ಸುತ್ತ ನೀಲಿ ಪೆನ್ನಿನಿಂದ ದುಂಡಗೆ ಗೆರೆ ಎಳೆದಿದ್ದರು. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಆದರೆ ಅವರು ಬೇರೆ ಏನೇ ಕೇಳುತ್ತಿದ್ದರೂ ನನ್ನ ಕಣ್ಣು ಆ ನೀಲಿ ಗೆರೆಗೇ ಹೋಗುತ್ತಿತ್ತು, ಬಂದ ಉತ್ತರವೂ ಅರ್ಧಕ್ಕೇ ನಿಲ್ಲುತ್ತಿತ್ತು.

ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ಕೂತು ಹುಡುಕಿದೆ. 'ಮೀಟಿಂಗ್' ಅಂತ ಬರೆಯಬೇಕಂತೆ. ಸರಿ. ಆದರೆ ಯಾಕೆ? ಐದನೇ ಕ್ಲಾಸಿನಿಂದ ನಮಗೆ ಹೇಳಿಕೊಟ್ಟದ್ದು ಒಂದೇ: 'ಟು' ಬಂದರೆ ಆಮೇಲೆ ಕ್ರಿಯಾಪದದ ಮೂಲ ರೂಪ. 'ಟು ಗೋ', 'ಟು ಈಟ್', 'ಟು ಮೀಟ್'. ಹಾಗಾದರೆ ಇಲ್ಲಿ ಮಾತ್ರ ಯಾಕೆ ಬೇರೆ? ಬಾಯಿಪಾಠ ಮಾಡು ಅಂತ ರೂಮ್‌ಮೇಟ್ ಹೇಳುತ್ತಿದ್ದಾಳೆ. ಬಾಯಿಪಾಠ ಮಾಡಿದ್ದು ಸಮಯಕ್ಕೆ ನೆನಪಾಗಲ್ಲ, ಅದಕ್ಕೇ ಕಾರಣ ಕೇಳುತ್ತಿದ್ದೇನೆ. ಇನ್ನೂ ಒಂದು. 'ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ' ಅಂತಲೂ ತುಂಬಾ ಜನ ಬರೆಯುತ್ತಾರೆ. ಅದೂ ತಪ್ಪಾ?

ಅವರಿಗೆ ಈ ವಾರ ಒಂದು ಧನ್ಯವಾದದ ಮೇಲ್ ಕಳಿಸಬೇಕು. ಅದರಲ್ಲಿ ಮತ್ತೆ ತಪ್ಪಾಗಬಾರದು.


ಚಿಗರಿ_ಪ್ಯಾಸೆಂಜರ್:

'ಮೀಟಿಂಗ್' ಅನ್ನೋದೇ ಸರಿ. ಕಾರಣ ಸುಲಭ. ಮೊದಲು 'ಲುಕಿಂಗ್' ಅಂತ ಇಂಗ್ ಬಂದಿದೆ ಅಲ್ವಾ, ಹಾಗಾಗಿ ಮುಂದಿನದಕ್ಕೂ ಇಂಗ್ ಬರಬೇಕು. ಎರಡೂ ಹೊಂದಿಕೆಯಾಗಬೇಕು. ನಾನು ಹೀಗೇ ನೆನಪಿಟ್ಟುಕೊಂಡಿದ್ದೇನೆ, ಆಫೀಸಿನಲ್ಲಿ ಒಂದು ಸಲವೂ ತಪ್ಪಾಗಿಲ್ಲ.


ಗದಗಿನ_ನಿವೃತ್ತ_ಮಾಸ್ತರ:

ಮೇಲಿನವರು ಕೊಟ್ಟ ಉತ್ತರ ಸರಿ, ಕಾರಣ ಸರಿಯಿಲ್ಲ. 'ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯೂ' ಅಂತಲೂ ಬರೆಯುತ್ತೇವೆ. ಅಲ್ಲಿ 'ಲುಕ್'ಗೆ ಇಂಗ್ ಇಲ್ಲ, ಆದರೂ 'ಮೀಟಿಂಗ್' ಹಾಗೇ ಇದೆ. ಹೊಂದಿಕೆಯ ಲೆಕ್ಕ ಹಿಡಿದು ಹೊರಟರೆ ಅಲ್ಲಿ 'ಮೀಟ್' ಅಂತ ಬರೆದುಬಿಡುತ್ತೀರಿ.

ತಂಗೀ, ನೀನು ಕಾರಣ ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಸರಕಾರಿ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದ್ದೇನೆ. ಈ ಒಂದು ಪದಗುಚ್ಛವನ್ನು ಇಂಗ್ಲಿಷ್ ವ್ಯಾಕರಣ ಹೇಳಿ ಅರ್ಥ ಮಾಡಿಸಲು ನನ್ನಿಂದ ಆಗಲೇ ಇಲ್ಲ. ಕನ್ನಡದಿಂದ ಹೇಳಲು ಶುರು ಮಾಡಿದ ಮೇಲೆ ಮಕ್ಕಳಿಗೆ ಹಿಡಿಯಿತು. ಹಾಗೇ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕನ್ನಡದ 'ಕ್ಕೆ' ತಗೋ. ಚತುರ್ಥಿ ವಿಭಕ್ತಿ. 'ಧಾರವಾಡಕ್ಕೆ ಹೋದೆ' ಅಂತೀಯ. 'ಜಾತ್ರೆ ನೋಡಲಿಕ್ಕೆ ಹೋದೆ' ಅಂತಲೂ ಅಂತೀಯ. ನಮ್ಮ ಕಡೆ ಬಾಯಿಮಾತಿನಲ್ಲಿ 'ನೋಡಾಕ ಹೋದ್ನಿ' ಅಂದರೂ ಅದೇ. ಎರಡೂ ಕಡೆ 'ಕ್ಕೆ' ಇದೆ. ಆದರೆ ಮೊದಲನೆಯದು ಒಂದು ಹೆಸರಿಗೆ, ಅಂದರೆ ನಾಮಪದಕ್ಕೆ, ಅಂಟಿಕೊಂಡಿದೆ. ಎರಡನೆಯದು ಕೆಲಸಕ್ಕೆ, ಕ್ರಿಯಾಪದಕ್ಕೆ. ಇಂಗ್ಲಿಷಿನ 'ಟು' ಕೂಡ ಇದೇ ಎರಡು ಕೆಲಸ ಮಾಡುತ್ತದೆ. 'ಟು ಧಾರವಾಡ' ಒಂದು, 'ಟು ಸೀ' ಇನ್ನೊಂದು. ಕೇಳಲು ಎರಡೂ ಒಂದೇ, ಬರೆಯಲೂ ಒಂದೇ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ಬರುತ್ತಿದ್ದ 'ಟು' ಕೂಡ ನಮ್ಮ 'ಕ್ಕೆ'ಯ ಹಾಗೆ ಚತುರ್ಥಿಯ ಜೊತೆಗೇ ಬರುತ್ತಿತ್ತು. ಆಮೇಲೆ ಎರಡರ ದಾರಿ ಬೇರೆಯಾಯಿತು. ನಿನಗೆ ಶಾಲೆಯಲ್ಲಿ ಹೇಳಿಕೊಟ್ಟದ್ದು ಎರಡನೆಯ 'ಟು' ಬಗ್ಗೆ ಮಾತ್ರ. ಮೊದಲನೆಯದರ ಬಗ್ಗೆ ಯಾರೂ ಹೇಳಲಿಲ್ಲ, ಅಷ್ಟೇ.

ಈಗ 'ಲುಕ್ ಫಾರ್ವರ್ಡ್ ಟು'ದಲ್ಲಿರುವುದು ಯಾವ 'ಟು'? ಪರೀಕ್ಷೆ ಮಾಡುವುದು ಹೀಗೆ. ಅದರ ಮುಂದೆ ಸುಮ್ನೆ ಒಂದು ಹೆಸರು ಇಟ್ಟು ನೋಡು. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ದ ಜಾತ್ರೆ.' ಸಿದ್ಧಾರೂಢರ ಜಾತ್ರೆ ಅಂತಲೇ ಇಟ್ಟುಕೋ. ವಾಕ್ಯ ನಿಂತಿತು. ಈಗ 'ವಾಂಟ್ ಟು' ಮುಂದೆ ಅದನ್ನೇ ಇಡು. 'ಐ ವಾಂಟ್ ಟು ದ ಜಾತ್ರೆ.' ನಿಲ್ಲಲಿಲ್ಲ, ಬಿದ್ದುಹೋಯಿತು. ಅಂದರೆ 'ವಾಂಟ್ ಟು' ಕೇಳುವುದು ಕೆಲಸವನ್ನು, 'ಲುಕ್ ಫಾರ್ವರ್ಡ್ ಟು' ಕೇಳುವುದು ಹೆಸರನ್ನು. ಹೆಸರು ಬೇಕಾದ ಜಾಗದಲ್ಲಿ ಕೆಲಸವನ್ನು ಇಡಬೇಕಾದರೆ ಆ ಕೆಲಸವನ್ನೇ ಹೆಸರಾಗಿ ಮಾಡಬೇಕು. ಹತ್ತನೇ ಇಯತ್ತೆಯ ಕನ್ನಡ ವ್ಯಾಕರಣದಲ್ಲಿ ಕೃದಂತ ಭಾವನಾಮ ಅಂತ ಓದಿರುತ್ತೀಯ. ನೋಡು ಅನ್ನುವುದರಿಂದ ನೋಟ, ನೋಡುವಿಕೆ. ತಿನ್ನು ಅನ್ನುವುದರಿಂದ ತಿನ್ನುವಿಕೆ. ದಿನದ ಮಾತಿನಲ್ಲಿ ನೋಡುವುದು, ತಿನ್ನುವುದು. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಇಂಗ್ ಹಚ್ಚುತ್ತಾರೆ. ಮೀಟ್ ಅಂದರೆ ಭೇಟಿಯಾಗು, ಮೀಟಿಂಗ್ ಅಂದರೆ ಭೇಟಿಯಾಗುವುದು.

ಹಾಗಾದರೆ ನಮ್ಮವರಿಗೇ ಈ ತಪ್ಪು ಯಾಕೆ ಜಾಸ್ತಿ ಆಗುತ್ತದೆ? ನನ್ನ ಅಭಿಪ್ರಾಯದಲ್ಲಿ ತಪ್ಪು ಶುರುವಾಗುವುದು ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ಕನ್ನಡದಲ್ಲೇ. 'ನಿಮ್ಮನ್ನು ಭೇಟಿಯಾಗಲು ಎದುರು ನೋಡುತ್ತಿದ್ದೇನೆ' ಅಂತ ಈಗೀಗ ಎಲ್ಲ ಕಡೆ ಬರೆಯುತ್ತಾರೆ. ಈ 'ಆಗಲು' ಮನಸ್ಸಿನಲ್ಲಿದ್ದರೆ ಇಂಗ್ಲಿಷಿನಲ್ಲಿ 'ಟು ಮೀಟ್' ಬಾರದೆ ಇನ್ನೇನು ಬಂದೀತು? ಎದುರು ನೋಡುವುದು ಏನನ್ನು ಅಂತ ಕೇಳಿಕೋ. ಏನನ್ನು ಅಂದ ಕೂಡಲೇ ಉತ್ತರ 'ಅನ್ನು' ಹಚ್ಚಿಕೊಂಡೇ ಬರುತ್ತದೆ. ಮಳೆಯನ್ನು ಎದುರು ನೋಡುತ್ತೇವೆ, ಪತ್ರವನ್ನು ಎದುರು ನೋಡುತ್ತೇವೆ, ನಿಮ್ಮನ್ನು ಭೇಟಿಯಾಗುವುದನ್ನು ಎದುರು ನೋಡುತ್ತೇವೆ. ಕನ್ನಡದಲ್ಲಿ 'ವುದನ್ನು' ಅಂತ ಯೋಚಿಸಿದರೆ ಇಂಗ್ಲಿಷಿನಲ್ಲಿ ಇಂಗ್ ತಾನಾಗಿ ಬರುತ್ತದೆ.

ಇನ್ನೊಂದು ಮಾತು. 'ಎದುರು ನೋಡು' ಅನ್ನುವುದನ್ನು ನಾವು ಇಂಗ್ಲಿಷಿನಿಂದ ಸಾಲ ತಂದಿಲ್ಲ. ಹಳೆಯ ಕನ್ನಡದ 'ಇದಿರು' ನಮ್ಮದೇ. ಅವರೂ ಮುಂದಕ್ಕೆ ನೋಡುತ್ತಾರೆ, ನಾವೂ ಎದುರಿಗೆ ನೋಡುತ್ತೇವೆ. ಎರಡು ಭಾಷೆ ಒಂದೇ ರೀತಿ ಕತ್ತು ಎತ್ತಿ ದಾರಿ ನೋಡುತ್ತಿವೆ ಅಂತ ಯೋಚಿಸಿದಾಗೆಲ್ಲ ನನಗೆ ಖುಷಿಯಾಗುತ್ತದೆ.


ಚಿಗರಿ_ಪ್ಯಾಸೆಂಜರ್:

ಸರ್, ಧನ್ಯವಾದ. ನಾನು ಹೇಳಿದ ಕಾರಣ ತಪ್ಪು, ಒಪ್ಪಿದೆ. ಈಗ ಇನ್ನೊಂದು ಗೊಂದಲ ಬಂತು. 'ಯೂಸ್ಡ್ ಟು' ಕಥೆಯೂ ಇದೇನಾ? 'ಐ ಯೂಸ್ಡ್ ಟು ವೇಕ್ ಅಪ್ ಅಟ್ 5' ಅಂತಲೂ ಕೇಳಿದ್ದೇನೆ, 'ಐ ಆಮ್ ಯೂಸ್ಡ್ ಟು ವೇಕಿಂಗ್ ಅಪ್ ಅಟ್ 5' ಅಂತಲೂ ಕೇಳಿದ್ದೇನೆ.


ಗದಗಿನ_ನಿವೃತ್ತ_ಮಾಸ್ತರ:

ಹೌದು, ಎರಡೂ ಸರಿ, ಅರ್ಥ ಬೇರೆ. ಮೊದಲನೆಯದು 'ಆಗೆಲ್ಲ 5 ಗಂಟೆಗೆ ಏಳುತ್ತಿದ್ದೆ', ಈಗ ಏಳುವುದಿಲ್ಲ. ಎರಡನೆಯದು '5 ಗಂಟೆಗೆ ಏಳುವುದು ನನಗೆ ರೂಢಿ'. ನೋಡಿ, ಕನ್ನಡದಲ್ಲಿ 'ಏಳುವುದು' ಅಂತ ಬಂದ ಕಡೆ ಅಲ್ಲಿ ಇಂಗ್ ಬಂದಿದೆ. 'ಆಬ್ಜೆಕ್ಟ್ ಟು', 'ಇನ್ ಅಡಿಷನ್ ಟು', 'ವಿತ್ ಎ ವ್ಯೂ ಟು' ಇವುಗಳ ಮುಂದೆಯೂ ಹೆಸರೇ ಬರಬೇಕು. ಆದರೆ 'ಹೋಪ್ ಟು', 'ಪ್ಲ್ಯಾನ್ ಟು', 'ಎಕ್ಸ್‌ಪೆಕ್ಟ್ ಟು' ಕೆಲಸವನ್ನು ಕೇಳುವ ಗುಂಪು. 'ಐ ಹೋಪ್ ಟು ಮೀಟ್ ಯೂ' ಪೂರ್ತಿ ಸರಿ. ಬಹಳ ಮಂದಿಯ ಕಿವಿಯಲ್ಲಿ ಇದು ಕೂತಿರುತ್ತದೆ, ಅದರ ಬಾಲವನ್ನು ತಂದು 'ಲುಕಿಂಗ್ ಫಾರ್ವರ್ಡ್'ಗೆ ಕಟ್ಟುತ್ತಾರೆ.


ಉಣಕಲ್_ಕೆರೆ_ದಂಡೆ:

ಮಾಸ್ತರರ ವಿವರಣೆ ಚೆನ್ನಾಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಹುಡುಗಿಗೆ ಒಂದು ಮಾತು ಹೇಳಲೇಬೇಕು. ನಾನೂ ನನ್ನ ವರ್ಕ್‌ಶಾಪಿಗೆ ಜನರನ್ನು ತೆಗೆದುಕೊಳ್ಳುತ್ತೇನೆ. ಅರ್ಜಿ ಓದುವಾಗ ನನಗೆ ಬೇಕಾದದ್ದು ಈ ಮನುಷ್ಯ ಏನು ಮಾಡಿದ್ದಾನೆ, ಹೇಳಿದ ದಿನಕ್ಕೆ ಬರುತ್ತಾನಾ ಅನ್ನುವುದು. 'ಟು ಮೀಟ್ ಯೂ' ಅಂದರೆ ಯಾರಿಗೆ ಅರ್ಥ ಆಗಲ್ಲ ಹೇಳಿ? ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ, ಇನ್ನೊಂದು ಭಾಷೆಯಲ್ಲಿ ಪತ್ರ ಬರೆದು, ಹೆದರುತ್ತಾ ಬಂದು ಕೂತಿರುತ್ತಾರೆ. ಅವರ ಎದುರಿಗೆ ಗೆರೆ ಎಳೆದ ಕಾಗದ ಇಟ್ಟುಕೊಂಡು, ಬಾಯಿ ಬಿಟ್ಟು ಏನೂ ಹೇಳದೆ ಇರುವುದು ನನಗೆ ಸರಿ ಕಾಣಲಿಲ್ಲ. ತಪ್ಪು ಕಂಡರೆ 'ಇದು ಹೀಗಲ್ಲಮ್ಮ, ಹೀಗೆ' ಅಂತ ಹೇಳಿಬಿಡಬೇಕು. ಒಂದು ನಿಮಿಷದ ಕೆಲಸ.

ತಂಗಿ, ಕಲಿ, ಆದರೆ ಆ ಗೆರೆಗೆ ಇಷ್ಟು ಹೆದರಬೇಡ.


ಬ್ಯಾಡಗಿ_ಖರೀದಿ_ಅಂಗಡಿ:

ಉಣಕಲ್‌ನವರ ಮಾತು ಒಪ್ಪುತ್ತೇನೆ. ಹಾಗಂತ 'ಅರ್ಥ ಆದರೆ ಸಾಕು' ಅನ್ನುವುದನ್ನು ಪೂರ್ತಿ ಒಪ್ಪಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು 'ಫಾರ್' ಪ್ರಶ್ನೆಗೆ ಬರೋಣ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನಮ್ಮದು ಮೆಣಸಿನಕಾಯಿ ವ್ಯಾಪಾರ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ದೂರದೂರದ ಕಂಪನಿಗಳು ಕೊಳ್ಳುತ್ತವೆ, ಕಾಯಿಯಿಂದ ಎಣ್ಣೆಯಂಥ ಬಣ್ಣ ತೆಗೆಯುವವರೂ ಇದ್ದಾರೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಸೀಸನ್‌ನಲ್ಲಿ ದಿನಾ ಇಂಗ್ಲಿಷ್ ಮೇಲ್ ಬರೆಯಬೇಕು, ಡಬ್ಬಿ ಎಷ್ಟು, ಕಡ್ಡಿ ಎಷ್ಟು (ಇವು ಬ್ಯಾಡಗಿ ಕಾಯಿಯ ಎರಡು ಬಗೆ), ಸ್ಯಾಂಪಲ್ ಯಾವಾಗ ಅಂತ. ನಮ್ಮ ಅಂಗಡಿಯ ಎಲ್ಲ ಮೇಲ್‌ಗಳ ಕೊನೆಗೂ ಮೊದಲು 'ವಿ ಆರ್ ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ಆರ್ಡರ್' ಅಂತಲೇ ಇರುತ್ತಿತ್ತು. ಒಬ್ಬ ಗಿರಾಕಿ ಫೋನ್ ಮಾಡಿ ಪ್ರೀತಿಯಿಂದಲೇ ತಿದ್ದಿದರು. ಆಗ ಯೋಚನೆ ಮಾಡಿದಾಗ ಹೊಳೆದದ್ದು ಇದು. ನಾವು ಮನಸ್ಸಿನಲ್ಲಿ ಅಂದುಕೊಳ್ಳುವುದು 'ನಿಮ್ಮ ಆರ್ಡರ್‌ಗಾಗಿ ಕಾಯುತ್ತಿದ್ದೇವೆ'. ಕಾಯುವುದಕ್ಕೆ 'ವೇಟಿಂಗ್ ಫಾರ್' ಸರಿ. ಆ 'ಗಾಗಿ' ಇಂಗ್ಲಿಷಿನಲ್ಲಿ 'ಫಾರ್' ಆಗಿ ಬಂದು 'ಲುಕಿಂಗ್ ಫಾರ್ವರ್ಡ್' ಜೊತೆ ಕೂತುಬಿಡುತ್ತದೆ. ಅಲ್ಲದೆ 'ಲುಕಿಂಗ್ ಫಾರ್' ಅಂತ ಬೇರೆಯೇ ಒಂದಿದೆ, ಹುಡುಕುತ್ತಿದ್ದೇವೆ ಅಂತ. ಮೂರನ್ನೂ ಬೆರೆಸಬಾರದು. ಕಾಯುತ್ತಿದ್ದರೆ 'ವೇಟಿಂಗ್ ಫಾರ್', ಹುಡುಕುತ್ತಿದ್ದರೆ 'ಲುಕಿಂಗ್ ಫಾರ್', ಎದುರು ನೋಡುತ್ತಿದ್ದರೆ 'ಲುಕಿಂಗ್ ಫಾರ್ವರ್ಡ್ ಟು'.

ಈಗ 'ಅರ್ಥ ಆದರೆ ಸಾಕು' ಮಾತಿಗೆ ಬರುತ್ತೇನೆ. ನಮ್ಮ ಹಳೆಯ ಗಿರಾಕಿಯೊಬ್ಬರ ತಂದೆ ತೀರಿಕೊಂಡರು. ಅಂತ್ಯಕ್ರಿಯೆಗೆ ನಮ್ಮ ಕಡೆಯಿಂದ ಇಬ್ಬರು ಹೋಗುವುದಿತ್ತು. ಬರುತ್ತೇವೆ ಅಂತ ತಿಳಿಸಲು ಗುಮಾಸ್ತ ಹುಡುಗ ಮೇಲ್ ಟೈಪ್ ಮಾಡಿ, ಕಳಿಸುವ ಮೊದಲು ನನಗೆ ತೋರಿಸಿದ. 'ವಿ ಆರ್ ಲುಕಿಂಗ್ ಫಾರ್ವರ್ಡ್ ಟು ಅಟೆಂಡಿಂಗ್ ದ ಫ್ಯೂನರಲ್.' ವ್ಯಾಕರಣ ನೋಡಿದರೆ ಒಂದೂ ತಪ್ಪಿಲ್ಲ. 'ಟು' ಇದೆ, ಇಂಗ್ ಇದೆ. ಆದರೆ ಆ ಪದಗುಚ್ಛದ ಒಳಗೆ ಖುಷಿ ಇದೆ. ಯಾವಾಗ ಬರುತ್ತದೋ, ಬಂದರೆ ಸಾಕು ಅನ್ನುವ ಆಸೆ ಇದೆ. ಸಾವಿನ ಮನೆಗೆ ಅದನ್ನು ಬರೆಯಬಾರದು. ಹುಡುಗನದ್ದು ಒಳ್ಳೆಯ ಮನಸ್ಸು, 'ಬರುತ್ತೇವೆ' ಅಂತ ಮರ್ಯಾದೆಯಿಂದ ಹೇಳಲು ಹೊರಟಿದ್ದ. ಪಕ್ಕದಲ್ಲಿ ಕೂರಿಸಿಕೊಂಡು 'ವಿ ವಿಲ್ ಬಿ ದೇರ್' ಅಂತ ನಾಲ್ಕೇ ಪದದಲ್ಲಿ ಬರೆಸಿದೆ.

ಕನ್ನಡದ 'ನಿರೀಕ್ಷೆ' ಒಳ್ಳೆಯದಕ್ಕೂ ಬರುತ್ತದೆ, ಕೆಟ್ಟದ್ದಕ್ಕೂ ಬರುತ್ತದೆ. 'ಎಕ್ಸ್‌ಪೆಕ್ಟ್' ಕೂಡ ಹಾಗೇ. 'ಲುಕ್ ಫಾರ್ವರ್ಡ್ ಟು' ಹಾಗಲ್ಲ. ಜೂನ್‌ನಲ್ಲಿ ಹಾವೇರಿ ಕಡೆಯ ರೈತ ಮೋಡ ನೋಡುತ್ತಾ ನಿಂತಿದ್ದರೆ ಅವನು ಮಳೆಗೆ 'ಲುಕಿಂಗ್ ಫಾರ್ವರ್ಡ್'. ಅದೇ ರೈತ ಕಣದ ತುಂಬ ಕೆಂಪು ಕಾಯಿ ಒಣ ಹಾಕಿ, ಸಂಜೆ ಮೋಡ ಕಟ್ಟಿದ ಮೇಲೆ ತಾಡಪಾಲು ಹಿಡಿದು ಓಡುತ್ತಿದ್ದರೆ ಅದು 'ಎಕ್ಸ್‌ಪೆಕ್ಟಿಂಗ್ ರೇನ್'. ಮಳೆ ಒಂದೇ, ಹೊಟ್ಟೆಯೊಳಗಿನದು ಬೇರೆ.


ಉಣಕಲ್_ಕೆರೆ_ದಂಡೆ:

ಬ್ಯಾಡಗಿಯವರು ಹೇಳಿದ್ದು ಮನಸ್ಸಿಗೆ ತಟ್ಟಿತು. ಅರ್ಥ ಆದರೆ ಸಾಕು ಅಂದಿದ್ದೆ, ಸಾವಿನ ಮನೆಯ ಉದಾಹರಣೆಯಲ್ಲಿ ಅರ್ಥವೇ ಬೇರೆ ಆಗುತ್ತದೆ ಅನ್ನುವುದು ನಿಜ. 'ಮೀಟ್', 'ಮೀಟಿಂಗ್' ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಿಲ್ಲ. ಅದಕ್ಕಾಗಿ ಯಾರ ಕೆಲಸವೂ ತಪ್ಪಬಾರದು.


ಗದಗಿನ_ನಿವೃತ್ತ_ಮಾಸ್ತರ:

ತಪ್ಪಬಾರದು, ನನ್ನದೂ ಅದೇ ಮಾತು.

ಒಂದು ಬಿಟ್ಟುಹೋಗಿತ್ತು. 'ಐ ಲುಕ್ ಫಾರ್ವರ್ಡ್ ಟು' ಅಂದರೆ ಸ್ವಲ್ಪ ದೂರ ನಿಂತು ಗೌರವದಿಂದ ಹೇಳಿದ ಹಾಗೆ. ಕಚೇರಿಗೆ, ಗುರುತಿಲ್ಲದವರಿಗೆ ಅದು ಒಪ್ಪುತ್ತದೆ. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು' ಅಂದರೆ ಹತ್ತಿರದ ಮಾತು, ಬಿಸಿ ಇರುವ ಮಾತು. ಊರಿನಿಂದ ಅವ್ವ ಫೋನಿನಲ್ಲಿ 'ಯಾವಾಗ ಬರ್ತೀ, ಹಾದಿ ನೋಡಾಕತ್ತೀವಿ' ಅಂತಾಳಲ್ಲ, ಅದನ್ನು ಇಂಗ್ಲಿಷಿಗೆ ತರಬೇಕಾದರೆ ಎರಡನೆಯದನ್ನೇ ತರಬೇಕು. ಎರಡೂ ಸರಿ, ಯಾವುದೂ ತಪ್ಪಲ್ಲ. ಧನ್ಯವಾದದ ಮೇಲ್‌ಗೆ ಮೊದಲನೆಯದನ್ನು ಹಾಕು. ಬರೆಯುವಾಗ ಇಂಗ್ ಬಗ್ಗೆ ಸಂಶಯ ಬಂದರೆ ಸೀದಾ ಹೆಸರನ್ನೇ ಇಟ್ಟುಬಿಡು, 'ಟು ಯುವರ್ ರಿಪ್ಲೈ' ಅಂತ. ಅಲ್ಲಿ ಕ್ರಿಯಾಪದವೇ ಇಲ್ಲ, ತಪ್ಪಾಗಲು ಜಾಗವೂ ಇಲ್ಲ.


ಸಪ್ತಾಪುರ_ರೂಮು4:

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ರೂಮ್‌ಮೇಟ್‌ಗೂ ಓದಿ ಹೇಳಿದೆ. 'ಧಾರವಾಡಕ್ಕೆ', 'ನೋಡಲಿಕ್ಕೆ' ಅನ್ನೋದು ಕೇಳಿದ ಕೂಡಲೇ ಅವಳು ಪುಸ್ತಕ ಮುಚ್ಚಿ, ಬೇರೆ ಬೇರೆ 'ಟು' ಹಿಡಿದು ಜಾತ್ರೆ ಪರೀಕ್ಷೆ ಮಾಡಲು ಶುರು ಮಾಡಿದಳು. 'ಅಗ್ರೀ ಟು' ಅನ್ನೋದರಲ್ಲಿ ಇಬ್ಬರೂ ಸಿಕ್ಕಿಕೊಂಡೆವು. 'ಅಗ್ರೀ ಟು ದ ಪ್ಲ್ಯಾನ್' ಅಂತ ಹೆಸರೂ ನಿಲ್ಲುತ್ತೆ, 'ಅಗ್ರೀ ಟು ಗೋ' ಅಂತ ಕೆಲಸವೂ ನಿಲ್ಲುತ್ತೆ.

ಉಣಕಲ್ ಅಣ್ಣ, ನೀವು ಬರೆದದ್ದು ಓದಿ ಮನಸ್ಸು ಹಗುರಾಯಿತು. ನಿಜ ಹೇಳಬೇಕೆಂದರೆ ತಪ್ಪಾದದ್ದಕ್ಕಿಂತ ಅವರು ಹೇಳದೆ ಸುಮ್ಮನಿದ್ದದ್ದೇ ನೋವಾಗಿತ್ತು.

ಮೇಲ್ ಹೀಗೆ ಬರೆದಿದ್ದೇನೆ, ಕೊನೆಯ ಎರಡು ಸಾಲು ನೋಡಿ: 'ಥ್ಯಾಂಕ್ ಯೂ ಫಾರ್ ಯುವರ್ ಟೈಮ್ ಆನ್ ಮಂಡೇ. ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಯೂ.' ಕಳಿಸಲಾ?


ಗದಗಿನ_ನಿವೃತ್ತ_ಮಾಸ್ತರ:

ತಡಿ, ಕಳಿಸಬೇಡ! ಇಂಗ್ ಸರಿಯಾಗಿದೆ. ಆದರೆ 'ಹಿಯರಿಂಗ್ ಯೂ' ಅಂದರೆ ನಿಮ್ಮ ಮಾತೋ ಹಾಡೋ ಕಿವಿಯಲ್ಲಿ ಕೇಳುವುದು. ನಿನಗೆ ಬೇಕಾದದ್ದು ನಿಮ್ಮಿಂದ ಸುದ್ದಿ ಬರುವುದು. ನಿಮ್ಮ'ಇಂದ' ಇದೆ ನೋಡು, ಅದಕ್ಕೆ 'ಫ್ರಮ್' ಬೇಕು. 'ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ.'

'ಅಗ್ರೀ ಟು' ಎರಡೂ ಗುಂಪಿಗೆ ಸೇರಿದ್ದು, ನೀವಿಬ್ಬರೂ ಸರಿಯಾಗಿಯೇ ಹಿಡಿದಿದ್ದೀರಿ. ಹೆಸರು ಒಪ್ಪುತ್ತದಾ ಅಂತಷ್ಟೇ ನೋಡಿದರೆ ಕೆಲವು ಕಡೆ ಸಾಲದು, ಅಂಥವಕ್ಕೆ ಡಿಕ್ಷನರಿ ತೆಗೆದು ಉದಾಹರಣೆಯ ವಾಕ್ಯ ನೋಡಬೇಕು. 'ಲುಕ್ ಫಾರ್ವರ್ಡ್ ಟು'ಗೆ ಮಾತ್ರ ಯಾವ ಒಳ್ಳೆಯ ಡಿಕ್ಷನರಿ ತೆಗೆದರೂ ಎರಡೇ ದಾರಿ, ಒಂದೋ ಹೆಸರು, ಇಲ್ಲವೇ ಇಂಗ್.


ಸಪ್ತಾಪುರ_ರೂಮು4:

'ಫ್ರಮ್' ಸೇರಿಸಿ ಈಗಷ್ಟೇ ಕಳಿಸಿದೆ ಸರ್. ಇನ್ನು ಅವರ ಉತ್ತರದ ಹಾದಿ ನೋಡುವುದು.